ಹುಚ್ಚಕ್ಕ ಎಂದು ಬರೆದವರು

ಪಕ್ಷದ ತಾಲ್ಲೂಕು ಅಧ್ಯಕ್ಷ ಬೊಮ್ಮಲಿಂಗಪ್ಪ ಬಿ.ಜಿ. ಕೆರೆ ಊರಿನ ಅರಳಿಕಟ್ಟೆಯ ಮೇಲೆ ಕೂತು, "ಈ ಸಲ ಟಿಕೆಟ್ ಮ್ಯಾಲಿಂದ ಇಳಿಯಲ್ಲ, ಕೆಳಗಿಂದ ಹತ್ತುತೈತೆ" ಎಂದಾಗ ಮಂಜಮ್ಮ ನಂಬಲಿಲ್ಲ. ಹಿಂದಿನ ಜಿಲ್ಲಾ ಪಂಚಾಯ್ತಿ ಚುನಾವಣೆಯಲ್ಲಿ ಇದೇ ಮನುಷ್ಯ ಇದೇ ಕಟ್ಟೆಯ ಮೇಲೆ ಎಲ್ಲರ ಅಭಿಪ್ರಾಯ ಕೇಳಿ, ಒಂದು ನೋಟ್‌ಬುಕ್ಕಿನ ತುಂಬ ಬರೆದುಕೊಂಡು ಹೋಗಿದ್ದ. ಕೊನೆಗೆ ಟಿಕೆಟ್ ಸಿಕ್ಕಿದ್ದು ಆ ನೋಟ್‌ಬುಕ್ಕಿನಲ್ಲಿ ಎಲ್ಲೂ ಇಲ್ಲದ ಒಬ್ಬನಿಗೆ. ಅವನು ಓಟು ಕೇಳಲು ಬಂದವನು ಮೈಕಿನಲ್ಲಿ ಊರಿನ ಹೆಸರನ್ನೇ ತಪ್ಪು ಹೇಳಿ ಹೋದ.

"ಈ ಸಲ ಹಂಗಲ್ಲವ್ವ ಮಂಜಮ್ಮ," ಎಂದ ಬೊಮ್ಮಲಿಂಗಪ್ಪ. "ಮೆಂಬರ್ ಚೀಟಿ ಇರೋರೆಲ್ಲ ಓಟು ಹಾಕ್ತೀರಿ. ಹುಚ್ಚಕ್ಕನೋ ಪವಿತ್ರನೋ, ನಿಮಗೆ ಬೇಕಾದೋರ ಹೆಸರು ಬರೀರಿ. ಯಾರಿಗೆ ಜಾಸ್ತಿ ಬರ್ತಾವೋ ಅವರೇ ಕ್ಯಾಂಡಿಡೇಟು. ನಮ್ಮವ್ವನಾಣೆ."

ಅವ್ವನಾಣೆ ಹಾಕಿದ ಮೇಲೆ ಮಂಜಮ್ಮನ ಮನಸ್ಸು ಸ್ವಲ್ಪ ಸಡಿಲವಾಯಿತು. ಅದೇ ಅವಳು ಮಾಡಿದ ಮೊದಲ ತಪ್ಪು.

ಜಿಲ್ಲಾ ಪಂಚಾಯ್ತಿ ಕ್ಷೇತ್ರ ಈ ಸಲ ಹೆಂಗಸರಿಗೆ ಮೀಸಲಾಗಿತ್ತು. ಹುಚ್ಚಕ್ಕ ಎರಡು ಅವಧಿ ಗ್ರಾಮ ಪಂಚಾಯ್ತಿ ಮೆಂಬರಾಗಿದ್ದವಳು. ಶಾಲೆಯ ಪಕ್ಕದ ಸಾರಾಯಿ ಅಂಗಡಿಯನ್ನು ಬಾಗಿಲಲ್ಲಿ ಕೂತು ಎತ್ತಿಸಿದವಳು, ಟ್ಯಾಂಕಿನ ನೀರನ್ನು ಮೇಲಿನ ಕೇರಿಗೆ ಹತ್ತಿಸಿದವಳು. ಪವಿತ್ರ ಚಳ್ಳಕೆರೆಯ ಎಣ್ಣೆಮಿಲ್ಲಿನ ಮುರುಗೇಂದ್ರಪ್ಪನ ಸೊಸೆ. ಒಳ್ಳೆಯ ಹುಡುಗಿಯೇ ಇರಬಹುದು ಪಾಪ, ಊರಿನವರು ಯಾರೂ ಅವಳನ್ನು ನೋಡಿರಲಿಲ್ಲ.

ಮಂಜಮ್ಮ ಉದ್ಯೋಗ ಖಾತ್ರಿ ಕೆಲಸದಲ್ಲಿ ಹೆಂಗಸರ ಗುಂಪಿಗೆ ಮೇಟಿ. ದಿನಾ ಹಾಜರಿ ಹಾಕಿಸುವವಳು, ಅರ್ಜಿ ಬರೆದುಕೊಡುವವಳು. ಪಕ್ಷದ ಮೆಂಬರ್ ಚೀಟಿ ಮಾಡಿಸಿದವಳೂ ಅವಳೇ. ಎಪ್ಪತ್ತು ಚಿಲ್ಲರೆ ಹೆಂಗಸರು ಪಕ್ಷವನ್ನು ನೋಡಿ ಸೇರಿರಲಿಲ್ಲ, ಮಂಜಮ್ಮನ ಮುಖ ನೋಡಿ ಸೇರಿದ್ದರು. ಓಟು ಹಾಕಲು ಒಂದು ದಿನದ ಕೂಲಿ ಬಿಟ್ಟು ಚಳ್ಳಕೆರೆಗೆ ಬರಬೇಕು ಎಂದಾಗ ಎಲ್ಲರೂ ಕೇಳಿದ್ದು ಒಂದೇ ಮಾತು: "ನಮ್ಮ ಓಟು ಎಣಿಸ್ತಾರಾ?"

"ಎಣಿಸ್ತಾರೆ. ನಾನಿದೀನಿ," ಎಂದಿದ್ದಳು ಮಂಜಮ್ಮ. ಅವಳು ಪಣಕ್ಕಿಟ್ಟದ್ದು ಆ ಮಾತನ್ನೇ.

ಇನ್ನೊಂದು ತೊಡಕಿತ್ತು. ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಾದರೆ ಗುರುತು ಇರುತ್ತದೆ. ಹುಚ್ಚಕ್ಕನದು ಆಟೋ ಗುರುತು. ಆಟೋ ನೋಡಿ ಒತ್ತಿದರೆ ಮುಗಿಯಿತು, ಪಕ್ಕದಲ್ಲಿ ಯಾವ ಹೆಸರು ಅಚ್ಚಾಗಿದೆ ಎಂದು ಓದಿದವರಿಲ್ಲ. ಇಲ್ಲಿ ಖಾಲಿ ಚೀಟಿ ಕೊಡುತ್ತಾರಂತೆ, ಹೆಸರನ್ನು ಕೈಯಾರೆ ಬರೆಯಬೇಕಂತೆ. ಎಪ್ಪತ್ತರಲ್ಲಿ ಅರ್ಧಕ್ಕರ್ಧ ಹೆಂಗಸರಿಗೆ ಸಹಿಯ ಆಚೆಗೆ ಒಂದಕ್ಷರ ಬರುತ್ತಿರಲಿಲ್ಲ.

ಮಂಜಮ್ಮ ಹದಿನೈದು ದಿನ ಮೇಷ್ಟ್ರಾದಳು. ಗೋಕಟ್ಟೆಯ ಹೂಳು ಎತ್ತುವ ಕೆಲಸ ನಡೆದಿತ್ತು. ಬುತ್ತಿ ಬಿಚ್ಚುವ ಹೊತ್ತಿಗೆ ಹಸಿ ಹೂಳನ್ನು ಸಪಾಟು ಮಾಡಿ, ಕಡ್ಡಿಯಲ್ಲಿ ಮೂರಕ್ಷರ ಬರೆದು ತೋರಿಸುತ್ತಿದ್ದಳು. ಹು, ಚ್ಚ, ಕ್ಕ. ಅರವತ್ತು ದಾಟಿದ ಸೂರಮ್ಮನ ಮನೆಮಾತು ತೆಲುಗು, ಬಾಯಿ ತುಂಬ ಕನ್ನಡ ಇದ್ದರೂ ಕೈಗೆ ಅಕ್ಷರ ಹತ್ತಿರಲಿಲ್ಲ.

"ಏಮೇ, ಇವಳಿಗೆ ಒತ್ತು ಇಲ್ಲದ ಹೆಸರು ಇಡಾಕೆ ಆಗಲಿಲ್ವಾ ಅವರವ್ವಗೆ?" ಎಂದು ಸೂರಮ್ಮ ಬೈದುಕೊಂಡೇ ಕಲಿತಳು. ಹುಚ್ಚಕ್ಕನ ಮುಂಚೆ ಹುಟ್ಟಿದ ಎರಡು ಕೂಸು ದಕ್ಕಿರಲಿಲ್ಲ. ಮೂರನೆಯದಕ್ಕೆ ಯಾರ ಕಣ್ಣೂ ತಾಗದಿರಲಿ ಎಂದು ಅವ್ವ ಆ ಹೆಸರಿಟ್ಟಿದ್ದಳು. ಸುತ್ತಲ ಹಳ್ಳಿಗಳಲ್ಲಿ ಇಂಥ ಹೆಸರು ಮನೆಗೊಂದು ಸಿಗುತ್ತದೆ, ಯಾರೂ ಅದಕ್ಕೆ ನಗುವುದಿಲ್ಲ.

ಓಟಿನ ದಿನ ಎರಡು ಟೆಂಪೋ ಮಾಡಿಕೊಂಡು ಚಳ್ಳಕೆರೆಗೆ ಹೋದರು. ತಮ್ಮದೇ ತಾಲ್ಲೂಕು ಕೇಂದ್ರ ಮೊಳಕಾಲ್ಮುರಿನಲ್ಲಿ ಜಾಗವೇ ಇರಲಿಲ್ಲವೆಂದಲ್ಲ. ಆದರೆ ಓಟಿಗೆ ಗೊತ್ತುಮಾಡಿದ್ದ ಚಳ್ಳಕೆರೆಯ ಕಲ್ಯಾಣ ಮಂಟಪ ಮುರುಗೇಂದ್ರಪ್ಪನ ಬೀಗರದು. ಬಾಗಿಲಲ್ಲೇ ಹೋಳಿಗೆಯ ವಾಸನೆ ಬಂತು. ಎಣಿಕೆಗೆ ಮೊದಲೇ ಹೋಳಿಗೆ ಬೇಯಿಸುವ ಧೈರ್ಯ ಯಾರಿಗಿರುತ್ತದೆ ಎಂದು ಮಂಜಮ್ಮ ಒಂದು ಗಳಿಗೆ ಅನುಮಾನಿಸಿ, ತನ್ನ ಅನುಮಾನಕ್ಕೆ ತಾನೇ ಬೈದುಕೊಂಡಳು.

ರಾಜಧಾನಿಯಿಂದ ಬಂದ ವೀಕ್ಷಕರು ಬಿಳಿ ಅಂಗಿಯ, ನಯವಾದ ಮಾತಿನ ಮನುಷ್ಯ. ಎಲ್ಲರ ಎದುರೇ ಪೆಟ್ಟಿಗೆಗೆ ಬೀಗ ಹಾಕಿದರು, ಎಲ್ಲರ ಎದುರೇ ತೆಗೆದರು. ಸೂರಮ್ಮ ಚೀಟಿ ಬರೆಯಲು ಅಷ್ಟು ಹೊತ್ತು ತೆಗೆದುಕೊಂಡಳೆಂದರೆ ಹಿಂದಿದ್ದವರು ಗೊಣಗಿದರು. ಬರೆದು ಮುಗಿಸಿ ಹೊರಬಂದವಳ ಹಣೆಯ ಮೇಲೆ ಬೆವರಿತ್ತು. "ಮೂರೂ ಬಿದ್ದಾವೆ," ಎಂದು ಮಂಜಮ್ಮನ ಕೈ ಹಿಸುಕಿದಳು.

ಚೀಟಿ ಎಣಿಸುವಾಗ ವೀಕ್ಷಕರು ಮೂರು ಗುಡ್ಡೆ ಮಾಡಿದರು. ದೊಡ್ಡ ಗುಡ್ಡೆ ನಮ್ಮದೇ ಎಂದು ಹೆಂಗಸರು ಒಬ್ಬರಿಗೊಬ್ಬರು ಕಣ್ಣು ಮಿಟುಕಿಸಿಕೊಂಡರು. ಆಮೇಲೆ ವೀಕ್ಷಕರು ಮೈಕು ಹಿಡಿದರು.

"ಚಲಾವಣೆಯಾದ ಮತ ನೂರ ಇಪ್ಪತ್ತೇಳು. ಶ್ರೀಮತಿ ಪವಿತ್ರ, ಮೂವತ್ತೆಂಟು. ಶ್ರೀಮತಿ ಗೀತಮ್ಮ, ಐದು. ತಿರಸ್ಕೃತ, ಎಂಬತ್ನಾಲ್ಕು."

ಗೀತಮ್ಮ ಯಾರು ಎಂದು ಹೆಂಗಸರು ಮುಖ ಮುಖ ನೋಡಿಕೊಂಡರು. ಮಂಜಮ್ಮನಿಗೆ ಮಾತ್ರ ತಟ್ಟನೆ ಹೊಳೆಯಿತು. ಹುಚ್ಚಕ್ಕನನ್ನು ಒಂದನೇ ಕ್ಲಾಸಿಗೆ ಸೇರಿಸುವಾಗ ಯಾರೋ ಮೇಷ್ಟ್ರು "ಹುಚ್ಚಕ್ಕ ಅಂತ ರಿಜಿಸ್ಟರಿನಾಗೆ ಚೆನ್ನಾಗಿರಲ್ಲ" ಎಂದು ಗೀತಮ್ಮ ಎಂದು ಬರೆದಿದ್ದ. ಆಧಾರಿನಲ್ಲಿ ಅದೇ ಹೆಸರು, ಪಕ್ಷಕ್ಕೆ ಕೊಟ್ಟ ಅರ್ಜಿಯಲ್ಲೂ ಅದೇ. ದಿನಾ ಹಾಜರಿ ಹಾಕುವಾಗ ಕರೆಯುವ ಹೆಸರು ಒಂದು, ಕಾಗದದ ಹೆಸರು ಇನ್ನೊಂದು ಎಂದು ಗೊತ್ತಿರುವ ತಾನೇ ಇದನ್ನು ಮರೆತೆನಲ್ಲ! ಅವಳಿಗೆ ಮೊದಲು ಸಿಟ್ಟು ಬಂದದ್ದು ತನ್ನ ಮೇಲೇ.

"ತಿರಸ್ಕೃತ ಮತಗಳ ಬಗ್ಗೆ ಒಂದು ಮಾತು," ವೀಕ್ಷಕರು ಮುಖ ಗಂಟಿಕ್ಕಿದರು. "ಹುಚ್ಚಕ್ಕ ಎಂದು ಬರೆದಿದ್ದೀರಿ. ಸ್ಪರ್ಧೆಗೆ ನಿಂತ ಹೆಣ್ಣುಮಗಳನ್ನು ಹೀಗೆ ಹೀಯಾಳಿಸುವುದು ನಮ್ಮ ಪಕ್ಷದ ಸಂಸ್ಕೃತಿಯಲ್ಲ."

ಆಗ ಮಂಜಮ್ಮನ ಸಿಟ್ಟು ತನ್ನಿಂದ ಇಳಿದು ಸರಿಯಾದ ಜಾಗ ಹುಡುಕಿಕೊಂಡಿತು.

"ಸ್ವಾಮಿ, ಅದು ಬೈಗುಳ ಅಲ್ರೀ, ಅವಳ ಹೆಸರು!" ಎಂದು ಎದ್ದು ನಿಂತಳು. "ಇಡೀ ಮೊಳಕಾಲ್ಮುರು ತಾಲ್ಲೂಕಿಗೆ ಗೊತ್ತೈತೆ."

"ದಾಖಲೆಯಲ್ಲಿ ಇಲ್ಲಮ್ಮ."

"ದಾಖಲೆ ಮಾಡಿದೋರು ಪಕ್ಕದಾಗೇ ಕುಂತವ್ರೆ, ಕೇಳ್ರಿ. ಬೊಮ್ಮಲಿಂಗಪ್ಪನೋರೆ, ಕಟ್ಟೆ ಮ್ಯಾಲೆ ಕುಂತು ಏನು ಹೇಳಿದ್ರಿ? ಹುಚ್ಚಕ್ಕನೋ ಪವಿತ್ರನೋ ಬರೀರಿ ಅಂದ್ರೋ ಇಲ್ವೋ?"

ಬೊಮ್ಮಲಿಂಗಪ್ಪ ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡ. "ಬಾಯಿ ಮಾತೇ ಬೇರೆ, ರೂಲ್ಸೇ ಬೇರೆ ಕಣವ್ವ. ಕುಂತ್ಕ."

ಕೂರುವ ಹೆಂಗಸು ಅಲ್ಲ ಮಂಜಮ್ಮ. ಅವಳ ಹಿಂದೆ ಎಪ್ಪತ್ತು ಹೆಂಗಸರು ಎದ್ದರು. ಚೀಟಿ ಬೇಡ, ನಮ್ಮ ತಲೆ ಎಣಿಸಿ ಎಂದರು. ಇದು ರಹಸ್ಯ ಮತದಾನ, ಬಹಿರಂಗ ಮಾಡಿದರೆ ಶಿಸ್ತು ಕ್ರಮ ಎಂದರು ವೀಕ್ಷಕರು. ಗದ್ದಲ ಏರಿತು. ಹೇಗಾದರೂ ಮುಗಿಸಿದರೆ ಸಾಕು ಎಂಬ ಅವಸರದಲ್ಲಿ ಬೊಮ್ಮಲಿಂಗಪ್ಪ ಮೈಕು ಕಿತ್ತುಕೊಂಡು ಕೂಗಿದ:

"ಹುಚ್ಚಕ್ಕಾ! ನೀನಾದ್ರೂ ಬಾರವ್ವ, ಪವಿತ್ರಮ್ಮಗೆ ಒಂದು ಹಾರ ಹಾಕಿ ಒಮ್ಮತ ಅಂತ ಹೇಳಿಬಿಡು!"

ಹಿಂದಿನ ಸಾಲಿನಿಂದ ಯಾರೋ "ತಿರಸ್ಕೃತ! ಎಂಬತ್ತೈದು!" ಎಂದು ಕೂಗಿದರು. ಜನ ನಕ್ಕರು. ಮಂಜಮ್ಮನಿಗೆ ನಗು ಬರಲಿಲ್ಲ. ಸುಳ್ಳು ಸಿಕ್ಕಿಬಿದ್ದ ಮೇಲೂ ಆ ಇಬ್ಬರ ಮುಖದಲ್ಲಿ ಒಂದು ಎಳೆ ನಾಚಿಕೆಯೂ ಇರಲಿಲ್ಲವಲ್ಲ, ಅದನ್ನು ನೋಡಿ ಅವಳ ಮೈಯೆಲ್ಲ ಉರಿಯಿತು.

ಮುಂದಿನ ಸಾಲಿನಲ್ಲಿ ಕೂತಿದ್ದ ಹುಚ್ಚಕ್ಕ ಎದ್ದಳು. ವೇದಿಕೆಯ ಮೆಟ್ಟಿಲ ತನಕ ನಡೆದು ಅಲ್ಲೇ ನಿಂತಳು.

"ಆ ಎಂಬತ್ನಾಕರಾಗೆ ಒಂದು ನಂದೂ ಐತೆ ಸ್ವಾಮಿ," ಎಂದಳು ವೀಕ್ಷಕರಿಗೆ. "ನಾನೂ ಹುಚ್ಚಕ್ಕ ಅಂತಾನೇ ಬರೆದೆ. ನನ್ನ ನಾನೇ ಹೀಯಾಳಿಸ್ಕಂಡೆನಾ?"

ವೀಕ್ಷಕರು ಕಾಗದ ನೋಡಿದರು.

"ಹಾರ ಹಾಕಾಕೆ ಗೀತಮ್ಮನ್ನ ಕರೀರಿ. ಓಟು ಬಿದ್ದಿರೋದು ಅವಳಿಗೆ. ನಾನು ಯಾರೂ ಅಲ್ವಲ್ಲ ಇಲ್ಲಿ." ಹಿಂದೆ ತಿರುಗಿ ಬಾಗಿಲ ಕಡೆ ನಡೆದಳು. ಮೂಲೆಯಲ್ಲಿ ನಿಂತಿದ್ದ ಪವಿತ್ರ ಒಂದು ಹೆಜ್ಜೆ ಮುಂದೆ ಬಂದು ಏನೋ ಹೇಳಲು ಬಾಯಿ ತೆರೆದಳು. ಮಾವ ಮುರುಗೇಂದ್ರಪ್ಪ ಅವಳ ಕೈಗೆ ಹಾರ ಕೊಟ್ಟು ಕ್ಯಾಮೆರಾದ ಕಡೆ ತಿರುಗಿಸಿದ.

ಹೆಂಗಸರು ಒಬ್ಬೊಬ್ಬರಾಗಿ ಹೊರಬಂದರು. ಊಟ ಮಾಡಿಕೊಂಡು ಹೋಗಿ ಎಂದು ಯಾರೋ ಹಿಂದಿನಿಂದ ಕರೆದರು. ಯಾರೂ ನಿಲ್ಲಲಿಲ್ಲ.

ಟೆಂಪೋ ತಳಕು ಊರು ದಾಟುವ ತನಕ ಮಂಜಮ್ಮ ಬಾಯಿ ಮುಚ್ಚಲಿಲ್ಲ. ಚೀಟಿಗಳನ್ನು ಕೊಡಿ ಎಂದು ಅರ್ಜಿ ಹಾಕುತ್ತೇನೆ, ಪತ್ರಿಕೆಯವರನ್ನು ಕರೆಸುತ್ತೇನೆ, ಮೆಂಬರ್ ಚೀಟಿಗಳನ್ನೆಲ್ಲ ಒಟ್ಟುಮಾಡಿ ಬೊಮ್ಮಲಿಂಗಪ್ಪನ ಬಾಗಿಲಿಗೆ ಸುರಿಯುತ್ತೇನೆ ಎಂದಳು. ಹುಚ್ಚಕ್ಕನನ್ನು ಪಕ್ಷೇತರಳಾಗಿ ನಿಲ್ಲಿಸೋಣ, ಊರಿಗೂರೇ ಓಟು ಹಾಕುತ್ತದೆ, ಅವರಿಗೆ ಡಿಪಾಜಿಟ್ಟೂ ಉಳಿಯಬಾರದು ಎಂದಳು. ಎರಡು ಸೀಟು ಆಚೆ ಕೂತ ಹುಚ್ಚಕ್ಕ ಹೊರಗೆ ನೋಡುತ್ತಿದ್ದಳು. ಬೇರೆಯವರು ಹೂಂಗುಟ್ಟಿದರು.

ಪಕ್ಕದಲ್ಲಿದ್ದ ಸೂರಮ್ಮ ಮಂಜಮ್ಮನ ಮೊಣಕೈ ಮುಟ್ಟಿದಳು. "ಮಂಜೀ, ಒಂದು ಮಾತು ಕೇಳ್ತೀನಿ, ಬೈಬ್ಯಾಡ. ದೊಡ್ಡ ಎಲೆಕ್ಷನ್ನಾಗೂ ಹಿಂಗೇ ಎಣಿಸ್ತಾರೇನೇ?"

"ಇಲ್ಲ ಕಣತ್ತೆ. ಇದು ಪಕ್ಷದೋರು ಮಾಡಿದ ಅನಾಚಾರ. ಅದು ಸರ್ಕಾರದ್ದು."

"ಅಲ್ಲಿ ಎಣಿಸೋದನ್ನ ನೀನು ನೋಡೀಯಾ?"

"ಇಲ್ಲ. ನಮ್ಮನ್ನ ಒಳಗೆ ಬಿಡಲ್ಲ."

"ಇಲ್ಲಿ ನೋಡಿದ್ವಲ್ಲೇ. ನಾವು ನೋಡ್ತಾ ಇದ್ದಂಗೇ ಹಿಂಗ್ ಮಾಡಿದ್ರು. ಕಾಣದ ಜಾಗದಾಗೆ ಬಿಡ್ತಾರಾ?"

ಇವಿಎಂ, ಏಜೆಂಟರು, ಕೋರ್ಟು, ಎಲ್ಲ ಮಂಜಮ್ಮನ ನಾಲಿಗೆಯ ತುದಿಗೆ ಬಂದವು. ಒಂದನ್ನೂ "ನಾನಿದೀನಿ" ಎಂದು ಸೇರಿಸಿ ಹೇಳುವ ಹಾಗಿರಲಿಲ್ಲ.

"ಓಟಿನ ದಿನ ನನ್ನ ಕರಿಯಾಕೆ ಬರಬ್ಯಾಡ ಕಣವ್ವ," ಎಂದಳು ಸೂರಮ್ಮ, ಸಿಟ್ಟಿಲ್ಲದೆ, ಇವಳಿಗೆ ನೋವಾಗದಿರಲಿ ಎಂಬ ಹಾಗೆ. "ಕೂಲಿಗೆ ಹೋಗ್ತೀನಿ."

ಮದುವೆಯಾಗಿ ಬಂದಾಗಿನಿಂದ ಒಂದು ಓಟೂ ತಪ್ಪಿಸದ ಹೆಂಗಸು. ಕೈ ಮುರಿದುಕೊಂಡಾಗಲೂ ಪಟ್ಟಿ ಕಟ್ಟಿಸಿಕೊಂಡು ಸಾಲಿನಲ್ಲಿ ನಿಂತವಳು. ಟಿಕೆಟ್ ಹೋಯಿತು, ಹೋಗಲಿ. ಈ ನಂಬಿಕೆಯನ್ನೂ ಕಿತ್ತುಕೊಂಡರಲ್ಲ, ಲೌಡಿಮಕ್ಕಳು, ಎಂದು ಮಂಜಮ್ಮ ಕೂಗಬೇಕೆಂದುಕೊಂಡಳು. ಯಾರಿಗೆ ಕೇಳಬೇಕೋ ಅವರು ಹಿಂದೆ ಚಳ್ಳಕೆರೆಯಲ್ಲಿ ಊಟಕ್ಕೆ ಕೂತಿದ್ದರು.