ಅಮ್ಮನ ಫಸ್ಟ್ ಕ್ಲಾಸು

ಇಸ್ತ್ರಿ ಅಂಗಡಿಯ ಅಮ್ಮ ಡಿಗ್ರಿ ಪರೀಕ್ಷೆಗೆ ಕಟ್ಟುತ್ತಾಳಂತೆ ಎಂದು ಕೇಳಿ ಬೀದಿಯವರೆಲ್ಲ ನಕ್ಕಿದ್ದರು. ನಲವತ್ತಾರನೇ ವಯಸ್ಸಿಗೆ ಇವಳಿಗೇನು ಬಂತು ಎಂದು. ನಗುವವರಿಗೇನು, ಬಾಯಿಗೆ ಬಾಡಿಗೆ ಕೊಡಬೇಕೆ? ಅವಳೂ ಅವರ ಜೊತೆ ನಕ್ಕು ಕಾಲರ್ ಮಡಚುತ್ತಿದ್ದಳು. ಮಗಳು ಪುಟ್ಟಿ ಕಾಲೇಜು ಸೇರಿದ ವರ್ಷವೇ, ಅವಳದೇ ವಿಷಯಗಳನ್ನು ತೆಗೆದುಕೊಂಡು ಅಮ್ಮ ಮನೆಯಲ್ಲೇ ಓದಲು ಶುರುಮಾಡಿದಳು.

ಇಸ್ತ್ರಿಪೆಟ್ಟಿಗೆ ಹಿಡಿದ ಕೈಗೆ ಪುಸ್ತಕ ಹಿಡಿಯುವ ಪುರುಸೊತ್ತೆಲ್ಲಿ? ಹಾಗಾಗಿ ಮೇಜಿನ ಪಕ್ಕ ಸ್ಟೂಲ್ ಹಾಕಿಕೊಂಡು ಪುಟ್ಟಿ ಗಟ್ಟಿಯಾಗಿ ಓದುವುದು, ಅಮ್ಮ ಕೇಳುವುದು. ಮೂರು ವರ್ಷ ಇದೇ ನಡೆಯಿತು. ಒಂದು ಶರ್ಟು ಮುಗಿಯುವಷ್ಟರಲ್ಲಿ ಒಂದು ಪುಟ. ತಿಳಿಯದಿದ್ದರೆ ಅಮ್ಮ "ಇನ್ನೊಂದ್ಸಲ ಓದೇ" ಎನ್ನುವಳು, ಪುಟ್ಟಿ ಓದುವಳು. ಓದುವವಳ ನಾಲಿಗೆಯಷ್ಟೇ ಪುಸ್ತಕದಲ್ಲಿದೆ, ತಲೆ ದಣಿದುಹೋಗಿದೆ ಎಂಬುದು ಕೇಳುವವಳ ಗಮನಕ್ಕೆ ಬರಲೇ ಇಲ್ಲ.

ಫಲಿತಾಂಶ ಒಂದು ಮಧ್ಯಾಹ್ನ ಬಂತು. ಪುಟ್ಟಿ ಬಹಳ ಹೊತ್ತು ಫೋನು ನೋಡಿದಳು. ಆಮೇಲೆ ಅದನ್ನು ಬಟ್ಟೆ ಗಂಟಿನ ಮೇಲಿಟ್ಟು, "ನಂದು ಹೋಯ್ತಮ್ಮ. ಮೂರು ಪೇಪರ್," ಎಂದು ಪರದೆಯಾಚೆಯ ಕೋಣೆಗೆ ಹೋದಳು.

ಅಮ್ಮ ಪೆಟ್ಟಿಗೆಯ ಸ್ವಿಚ್ ಆರಿಸಿ, ಆ ಫೋನಿನಲ್ಲಿ ತನ್ನ ಪರೀಕ್ಷೆಯ ನಂಬರ್ ಒತ್ತಿದಳು. ಫಸ್ಟ್ ಕ್ಲಾಸು. ಕಣ್ಣುಜ್ಜಿಕೊಂಡು ಮತ್ತೆ ನೋಡಿದರೂ ಅದೇ. ಎದೆ ಉಬ್ಬಿ ಬಂತು, ಮರುಗಳಿಗೆಯೇ ಪರದೆಯ ಕಡೆ ನೋಡಿದಳು. ಬಾಯಲ್ಲಿ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಮಗಳ ಪಾಲಿನದನ್ನೂ ತಾನೇ ಉಂಡುಬಿಟ್ಟೆನೇ ಎನಿಸಿತು. ಎಷ್ಟು ಸಲ 'ಇನ್ನೊಂದ್ಸಲ' ಅಂದಿದ್ದಳು. ಒಮ್ಮೆಯಾದರೂ 'ನಿನಗೆ ತಿಳೀತಾ' ಎಂದು ಕೇಳಿರಲಿಲ್ಲ.

ಒಳಗೆ ಹೋಗಿ ಮಗಳ ಪಕ್ಕ ಚಾಪೆಯ ಮೇಲೆ ಕೂತಳು.

"ನಂದೂ ಹೋಯ್ತು ಕಣೇ."

ಪುಟ್ಟಿ ಗೋಡೆಯ ಕಡೆಗೆ ಮುಖ ಮಾಡಿಕೊಂಡೇ ಹೇಳಿದಳು. "ಸುಳ್ಳು. ನಾನು ಮೊದ್ಲು ನೋಡಿದ್ದೇ ನಿಂದು."

ಅಮ್ಮ ಚಾಪೆಯ ಅಂಚಿನ ಎಳೆ ಕೀಳತೊಡಗಿದಳು.

"ನನಗೋಸ್ಕರ ಅಂತ ಅದನ್ನ ಬಚ್ಚಿಡಬೇಡ. ನಂಗೆ ಇನ್ನೂ ಬೇಜಾರಾಗುತ್ತೆ."

"ನಿನ್ನ ಓದು ನಾನೇ ಹಾಳು ಮಾಡಿದೆ ಪುಟ್ಟಿ."

"ಸ್ವಲ್ಪ ಹೌದು," ಎಂದಳು ಪುಟ್ಟಿ. ಅಲ್ಲ ಎನ್ನಲೆಂದು ಅಮ್ಮ ಕಾದಿದ್ದಳು. ಹುಡುಗಿ ಅನ್ನಲಿಲ್ಲ. "ನಂಗೂ ಹೇಳೋಕೆ ಬಾಯಿತ್ತು, ಹೇಳ್ಲಿಲ್ಲ. ಈಗ ಒಂದು ಕೆಲಸ ಮಾಡು. ಕೇಳಿದೋರಿಗೆ ನಿಂದು ನಾನು ಹೇಳ್ತೀನಿ. ನಂದು ನೀನು ಹೇಳು. ನನ್ನ ಕೈಲಾಗಲ್ಲ."

ಅಷ್ಟರಲ್ಲಿ ಹೊರಗೆ ಕೆಮ್ಮು ಕೇಳಿಸಿತು. ಮೂಲೆಮನೆಯ ಮುದುಕ ಮೇಷ್ಟ್ರು ಅಂಗಿ ಹಿಡಿದು ನಿಂತಿದ್ದರು. ಬೇರೆ ದಿನ ಸಿಗಲಿಲ್ಲವೇ ಈ ಮನುಷ್ಯನಿಗೆ? ಅಮ್ಮ, ಮಗಳು ಇಬ್ಬರೂ ಹೊರಗೆ ಬಂದರು.

"ಏನಮ್ಮಾ, ರಿಸಲ್ಟ್ ಬಂತಂತೆ?"

"ಅಮ್ಮಂಗೆ ಫಸ್ಟ್ ಕ್ಲಾಸು ಮೇಷ್ಟ್ರೇ," ಎಂದಳು ಪುಟ್ಟಿ. ದನಿ ಗಟ್ಟಿಯಾಗಿತ್ತು.

ಮೇಷ್ಟ್ರು ಅಮ್ಮನ ಕಡೆ ತಿರುಗಿದರು. "ಭೇಷ್. ಮತ್ತೆ ಮಗಳದು?"

ಅಮ್ಮ ಮೇಜಿನ ಅಂಚು ಹಿಡಿದುಕೊಂಡಳು. "ಅವಳದು... ಒಂದು ಪೇಪರ್ ಉಳ್ಕೊಂಡಿದೆ."

"ಮೂರು," ಎಂದು ಪುಟ್ಟಿ ತಿದ್ದಿದಳು. ಅಷ್ಟು ಹೊತ್ತು ತಡೆದಿದ್ದ ಅಳು ಆಗ ಬಂತು, ಮೇಷ್ಟ್ರ ಎದುರಿಗೇ. ಅಮ್ಮನಿಗೂ ಬಂತು. ಇಬ್ಬರಲ್ಲಿ ಯಾರನ್ನು ಸಮಾಧಾನ ಮಾಡಬೇಕೆಂದು ತಿಳಿಯದೆ ಮೇಷ್ಟ್ರು ನಿಂತೇ ಇದ್ದರು.