ಹಗ್ಗ ಹಿಡಿದವನ ವಿರುದ್ಧ ಸಾಕ್ಷಿ

ಬಿಸಿಲು ಬಲಿಯುತ್ತಿದ್ದ ಕಾಲ, ಬಾವಿ ತೋಡುವವರಿಗೆ ಕೈತುಂಬ ಕೆಲಸವಿರುವ ಕಾಲ ಅದು. ಒಂದು ಬೆಳಿಗ್ಗೆ, ಬಿಸಿಲು ಇನ್ನೂ ಗೋಡೆ ಹತ್ತುವ ಮೊದಲೇ, ಗುತ್ತಿಗೆದಾರನ ಹಿತ್ತಿಲಲ್ಲಿ ನನ್ನ ಮಗನಿಗೆ ಪಾಠ ಶುರುವಾಯಿತು.

"ಬೊಗಳೋ ಸೂಳೆಮಗನೇ, ಇನ್ನೊಂದ್ಸಲ! ಕುಳ್ಳ ಏನಾಗಿದ್ದ?"

"ಕುಡಿದಿದ್ದ."

"ಹಗ್ಗ?"

"ಕೈಬಿಟ್ಟ."

"ಅನ್ನ ತಿನ್ನೋ ಬಾಯಲ್ಲಿ ಹೇಳು. ಹೆಣ ಹೊತ್ತೋನ ಥರ ಗೊಣಗಬೇಡ."

ಗುತ್ತಿಗೆದಾರನ ಗುಮಾಸ್ತ ಹಲ್ಲುಜ್ಜುತ್ತಲೇ ಪ್ರಶ್ನೆ ಹಾಕುತ್ತಿದ್ದ. ಉಗುಳಿದ್ದು ಮಗನ ಪಾದದ ಹತ್ತಿರ ಬೀಳುತ್ತಿತ್ತು. ಮಗ ಕಾಲು ಸರಿಸಲಿಲ್ಲ. ನಾನು ಸೌದೆ ರಾಶಿಯ ಪಕ್ಕ ಕೂತು ನೆಲ ನೋಡುತ್ತಿದ್ದೆ.

ಬಾವಿಯ ಮೇಲೆ ನಮ್ಮ ಹಗ್ಗ ಹಿಡಿಯುತ್ತಿದ್ದ ಕುಳ್ಳ ಕುಡಿದಿರಲಿಲ್ಲ. ಹಗ್ಗ ನವೆದಿತ್ತು. ಹೊಸದು ಕೊಡಿಸಿ ಅಂತ ಕೇಳಿದಾಗ ಗುತ್ತಿಗೆದಾರ, "ನಿಮ್ಮನ್ನ ನೇಣು ಹಾಕೋಕೆ ಇದೇ ಸಾಕು, ಹೋಗ್ರೋ" ಅಂದು ನಕ್ಕಿದ್ದ. ನಾವೂ ನಕ್ಕೆವು. ಧಣಿ ನಕ್ಕಾಗ ನಗದೆ ಇರುವುದುಂಟೇ? ಅದೇ ವಾರ, ಉದ್ದ ಅಂತ ನಾವು ಕರೆಯುತ್ತಿದ್ದ ಜೊತೆಯವನು ತಳದಿಂದ ಮೇಲೆ ಬರುತ್ತಿದ್ದಾಗ ಹಗ್ಗ ತುಂಡಾಯಿತು. ರಾಟೆಯತ್ತ ಓಡುವ ತುದಿಯನ್ನು ಹಿಡಿಯಲು ಹೋಗಿ ಕುಳ್ಳನ ಅಂಗೈ ಚರ್ಮವೇ ಕಿತ್ತು ಬಂತು. ಉದ್ದ ಬಂಡೆಯ ಮೇಲೆ ಬಿದ್ದು ಸತ್ತ. ಅವನ ಹೆಣ ಮೇಲೆ ಬರುವ ಹೊತ್ತಿಗೆ ಗುಮಾಸ್ತ ಹಗ್ಗದ ತುಂಡನ್ನು ಒಲೆಗೆ ಹಾಕಿಸಿ ಆಗಿತ್ತು. ಪೊಲೀಸರು ಕುಳ್ಳನನ್ನು ಎಳಕೊಂಡು ಹೋದರು.

ಸಾಕ್ಷಿ ಹೇಳಿದರೆ ಮಗನಿಗೆ ಮೇಸ್ತ್ರಿ ಕೆಲಸ. ಇನ್ನು ಬಾವಿಗೆ ಇಳಿಯಬೇಕಾಗಿಲ್ಲ.

"ಬೇಡ ಕಣೋ," ಅಂದೆ ಕೋರ್ಟಿನ ದಾರಿಯಲ್ಲಿ. "ಅಷ್ಟು ವರ್ಷ ನಿನ್ನನ್ನ ಮೇಲಕ್ಕೆ ಎಳೆದೋನು ಅವನು."

"ಅಪ್ಪಾ, ಉದ್ದನ ತಲೇನ ಮಡಿಲಲ್ಲಿ ಇಟ್ಕೊಂಡು ಮೇಲೆ ತಂದೋನು ನಾನು. ತಲೆ ಅಂತ ಏನುಳಿದಿತ್ತು? ಇನ್ಮೇಲೆ ನೀನು ಇಳಿತೀಯಾ ನನ್ ಬದಲು?"

ನನ್ನ ಮೊಣಕಾಲು ಎಂದೋ ಹೋಗಿತ್ತು. ಉಣ್ಣುತ್ತಿದ್ದದ್ದು ಅವನ ದುಡಿಮೆಯನ್ನೇ.

ನಮ್ಮಲ್ಲೊಂದು ಪದ್ಧತಿ. ಬಾವಿಯ ತಳದಲ್ಲಿ ಗಾಳಿ ಕೆಡುತ್ತದೆ. ಅದಕ್ಕೆ ಮೇಲೆ ಹಗ್ಗ ಹಿಡಿದವನು ಆಗಾಗ "ಇದ್ದೀಯಾ?" ಅಂತ ಕೂಗುತ್ತಾನೆ, ಕೆಳಗಿನವನು "ಇದ್ದೀನಿ" ಅನ್ನಬೇಕು. ಉತ್ತರ ತಡವಾದರೆ ಎಳೆದೇಬಿಡುತ್ತಾನೆ. ರೂಢಿ ಎಷ್ಟೆಂದರೆ, ನಿದ್ದೆಯಲ್ಲಿ ಕೇಳಿದರೂ ನಮ್ಮ ಬಾಯಿ ಉತ್ತರ ಕೊಡುತ್ತದೆ. ಹೆಂಡತಿಯರು ಆಡಿಕೊಂಡು ನಗುತ್ತಾರೆ.

ಕೋರ್ಟಿನಲ್ಲಿ ಬೆಂಚು ಖಾಲಿಯಿತ್ತು. ಜವಾನ ಕೂರಗೊಡಲಿಲ್ಲ. "ಮಣ್ಣು ಮೆತ್ತುತ್ತೆ, ನಿಂತ್ಕೊಳ್ರೋ ಅಲ್ಲೇ." ಗೋಡೆಗೆ ಒರಗಿ ನಿಂತೆವು. ಸತ್ಯವನ್ನೇ ಹೇಳುತ್ತೇನೆ, ಸತ್ಯವಲ್ಲದೆ ಬೇರೇನೂ ಹೇಳುವುದಿಲ್ಲ ಎಂದು ಮಗ ಗಿಣಿಯ ಹಾಗೆ ಒಪ್ಪಿಸಿದ.

ವಕೀಲ ಬಾಯಿ ತೆರೆಯುವಷ್ಟರಲ್ಲಿ ಆರೋಪಿಯ ಕಟಕಟೆಯಿಂದ ಕುಳ್ಳ ಮೆಲ್ಲಗೆ ಕೇಳಿದ. ಅವನ ಅಂಗೈಗೆ ಇನ್ನೂ ಬಟ್ಟೆ ಸುತ್ತಿತ್ತು.

"ಇದ್ದೀಯಾ, ತಮ್ಮಾ?"

"ಇದ್ದೀನಣ್ಣಾ!"

ಬಾವಿಯೊಳಗಿಂದ ಕೂಗಿದಷ್ಟೇ ಜೋರು. ಕೋರ್ಟೇ ಬೆಚ್ಚಿತು. ವಕೀಲನೊಬ್ಬ ಕಿಸಕ್ಕೆಂದ. ನ್ಯಾಯಾಧೀಶರು ಕುಳ್ಳನನ್ನು ಗದರಿದರು. ಮಗ ತೆರೆದ ಬಾಯಿ ಮುಚ್ಚದೆ ನಿಂತಿದ್ದ. ಈಗ ನಿಜ ಹೇಳಿಬಿಡುತ್ತಾನೆ ಅಂದುಕೊಂಡೆ.

"ಆರೋಪಿ ಆ ದಿನ ಕುಡಿದಿದ್ದನೇ?" ವಕೀಲ ಕೇಳಿದ.

ಮಗ ಗುಮಾಸ್ತನ ಕಡೆ ನೋಡಿದ.

"ಕುಡಿದಿದ್ದ, ಸ್ವಾಮಿ. ಹಗ್ಗ ಕೈಬಿಟ್ಟ."

ಗೊಣಗಲಿಲ್ಲ. ಎಲ್ಲರಿಗೂ ಕೇಳಿಸಿತು. ಕುಳ್ಳನ ಹೆಂಡತಿ ನನ್ನ ಪಕ್ಕದಲ್ಲೇ ಇದ್ದಳು. "ಹೋಗ್ಲಿ ಬಿಡಿ ಮಾವಾ, ಹುಡುಗ ಹೆದರಿದಾನೆ" ಅಂದಳು. ಉಗಿದಿದ್ದರೆ ಒರೆಸಿಕೊಳ್ಳುತ್ತಿದ್ದೆ.

ಕುಳ್ಳನಿಗೆ ಜೈಲಾಯಿತು. ತೀರ್ಪಿನ ಮಾರನೆಯ ದಿನವೇ ಹೊಸ ಬಾವಿಯ ಕೆಲಸ. ಮೊದಲ ಐದಾರು ಆಳುದ್ದ ತೋಡಿದ್ದವರು ಬೇರೆಯವರು, ಇನ್ನು ಮುಂದಿನದು ನಮ್ಮದು. ಮಗ ದಡದಲ್ಲಿ ನಿಂತು "ಇಳೀರಪ್ಪಾ" ಅಂದ. ಒಬ್ಬರೂ ಏಳಲಿಲ್ಲ. ಮಣ್ಣು ಹೊರುವವಳೊಬ್ಬಳು ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಳು.

"ಹೊಟ್ಟೆನೋವು, ಮೇಸ್ತ್ರಿಗಳೇ."

"ನನಗೂ."

"ನನಗೂನೂವೆ."

"ಎಲ್ರಿಗೂ ಒಂದೇ ಹೊಟ್ಟೆಯೇನ್ರೋ, ಬೋಳಿಮಕ್ಳಾ?" ಗುತ್ತಿಗೆದಾರ ಕಿರುಚಿದ.

"ಹೂಂ ಧಣಿ, ಒಂದೇ," ಅಂದಳು ಬುಟ್ಟಿಯ ಮೇಲೆ ಕೂತವಳು.

ಅವನು ತಿರುಗಿ ಮಗನ ಬೆನ್ನಿಗೆ ಗುದ್ದಿದ. "ಹಂಗಾದ್ರೆ ನೀನೇ ಇಳಿಯೋ. ನಿಮ್ಮಪ್ಪ ಹಿಡೀಲಿ ಹಗ್ಗ."

ಮಗನ ಮುಖದಲ್ಲಿ ರಕ್ತ ಉಳಿಯಲಿಲ್ಲ. ಹಗ್ಗದ ಒಂದು ತುದಿಯನ್ನು ಸೊಂಟಕ್ಕೆ ಗಂಟು ಹಾಕಿಕೊಂಡ. ರಾಟೆಯ ಇನ್ನೊಂದು ಬದಿಯ ತುದಿಯನ್ನು ತಂದು ನನ್ನ ಮುಂದೆ ಇಟ್ಟ.

"ಅಪ್ಪಾ."

ಇದೇ ಕೈ ಹಿಡಿದು ನಡೆಯಲು ಕಲಿತವನು. ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತೆ. ಅವನು ಕಾದ. ನಾನು ತಲೆ ಎತ್ತಲಿಲ್ಲ.

ಮಗ ತಿರುಗಿ ನಡೆದ. ಸೊಂಟದ ಗಂಟು ಬಿಚ್ಚಿರಲಿಲ್ಲ. ಹಗ್ಗ ರಾಟೆಯಿಂದ ಜಾರಿ ಬಿತ್ತು. ಧೂಳಿನಲ್ಲಿ ಎಳೆದಾಡುತ್ತ, ಕೂತವರೆಲ್ಲರ ಕಾಲ ಮುಂದೆ ಹಾದು, ಅವನ ಹಿಂದೆಯೇ ರಸ್ತೆಗೆ ಹೋಯಿತು. ಒಬ್ಬರೂ ಕೂಗಿ ಕರೆಯಲಿಲ್ಲ. ಅಂದು ಶನಿವಾರ, ವಾರದ ಕೂಲಿ ಕೊಡುವ ದಿನ.