ಕೈ ತೊಳೆದು ಒಳಗೆ ಬನ್ನಿ

“ನಿಮ್ಮೂರಾಗೆ ಮೈ ತೊಳ್ಯಾಕೇ ಗತಿ ಇರ್ಲಿಲ್ಲ, ಇಲ್ಲಿ ಬಂದು ಕೈ ತೊಳ್ಯೋ ಸೋಕಿ ಬೇರೆ. ಮುಚ್ಕೊಂಡು ಓಗಮ್ಮ.”

ಬೊಮ್ಮಸಂದ್ರದ ವಠಾರದ ಓನರ್ ಲಕ್ಷ್ಮಣಪ್ಪ ಹಸುವಿನ ಮೈ ಉಜ್ಜುತ್ತಲೇ ಇಷ್ಟು ಹೇಳಿ ಮುಗಿಸಿದ. ಗಾರೆ ಕೆಲಸದ ಮಹಾಂತಮ್ಮ ಖಾಲಿ ಕೊಡದೊಂದಿಗೆ ಕೋಣೆಗೆ ಮರಳಿದಳು. ಮಗಳು ಶಾಂಭವಿ ಅಪೆಂಡಿಕ್ಸ್ ಆಪರೇಷನ್ ಮುಗಿಸಿಕೊಂಡು ನಿನ್ನೆಯಷ್ಟೇ ಆಸ್ಪತ್ರೆಯಿಂದ ಬಂದಿದ್ದಳು. ಹೊಲಿಗೆಗೆ ಕೀವು ತುಂಬಿದರೆ ಮತ್ತೆ ಕೊಯ್ಯಬೇಕಾದೀತು, ಸೋಪು ಹಾಕಿ ಕೈ ತೊಳೆಯದೆ ಯಾರೂ ಮಗುವನ್ನು ಮುಟ್ಟಕೂಡದು ಎಂದು ನರ್ಸಮ್ಮ ಹೇಳಿ ಕಳಿಸಿದ್ದರು. ಸೋಪೇನೋ ಇತ್ತು. ಲಕ್ಷ್ಮಣಪ್ಪನ ಬೋರ್‌ವೆಲ್ ನೀರು ಮಾತ್ರ ಟ್ಯಾಂಕರ್ ಹತ್ತಿ ಅಪಾರ್ಟ್‌ಮೆಂಟುಗಳಿಗೆ ಹೋಗುತ್ತಿತ್ತು. ವಠಾರದ ನಲ್ಲಿಗಳಿಗೆ ಬೆಳಿಗ್ಗೆ ಒಂದಿಷ್ಟು ಹೊತ್ತು ಬಿಟ್ಟರೆ ಮುಗಿಯಿತು. ಪಕ್ಕದ ಕೋಣೆಯ ದೇವಕ್ಕ, ಯಾರೂ ಕೇಳದಿದ್ದರೂ, ತನ್ನ ಕುಡಿಯುವ ನೀರಿನಲ್ಲೇ ಒಂದು ತಂಬಿಗೆ ತಂದು ಹೊಸಿಲ ಬಳಿ ಇಟ್ಟು ಹೋದಳು.

ಮಧ್ಯಾಹ್ನ ಲಕ್ಷ್ಮಣಪ್ಪ ತಾನಾಗಿಯೇ ಬಂದ. ಬಿಳಿ ಅಂಗಿ, ಕೈಯಲ್ಲಿ ಬ್ರೆಡ್ಡು, ಹಿಂದೆ ಫೋನ್ ಹಿಡಿದ ಹಿಂಬಾಲಕ ಶಿವರಾಜ್. ವಾರ್ಡ್ ಎಲೆಕ್ಷನ್ನಿಗೆ ನಿಲ್ಲುವ ಆಸೆಯಿದ್ದ ಓನರಿಗೆ, ರೋಗಿಗಳ ಯೋಗಕ್ಷೇಮ ವಿಚಾರಿಸುವ ಫೋಟೊ ಫ್ಲೆಕ್ಸಿಗೆ ಬೇಕಿತ್ತು.

“ಪಾಪು ಅಂಗಿ ಮೇಲೆತ್ತಕ್ಕ,” ಎಂದ ಶಿವರಾಜ್. “ಪಟ್ಟಿ ಮೇಲೆ ಅಣ್ಣನ ಕೈ ಇರ್ಬೇಕು. ಸಕ್ಕತ್ತಾಗಿ ಬರುತ್ತೆ.”

ಮಹಾಂತಮ್ಮ ಬಾಗಿಲಿಗೆ ಅಡ್ಡ ನಿಂತಳು. “ಕೈ ತೊಳಕೊಂಡು ಬರ್ರಿ.”

“ನನ್ ಮನೆಗೆ ನಾನ್ ಬರಾಕೆ ಕೈ ತೊಳೀಬೇಕಾ?”

“ಮನಿ ನಿಮ್ದ ಖರೆ. ಹೊಟ್ಟಿ ನನ್ನ ಮಗಳದ.”

ವಠಾರದ ಹೆಂಗಸರೆಲ್ಲ ಹೊರಗೆ ಬಂದು ನಿಂತಿದ್ದರು. ಇವರದೂ ಓಟೇ ಅಣ್ಣ ಎಂದು ಶಿವರಾಜ್ ಕಿವಿಯಲ್ಲಿ ಪಿಸುಗುಟ್ಟಿದ. ಲಕ್ಷ್ಮಣಪ್ಪ ನಗುತ್ತ ನಲ್ಲಿ ತಿರುಗಿಸಿದ. ಅದು ಬುಸ್ಸೆಂದು ಸುಮ್ಮನಾಯಿತು. ಹೆಂಡತಿ ಭದ್ರಮ್ಮನನ್ನು ಕೂಗಿ ವಾಲ್ವ್ ತೆಗೆಸದೆ ಬೇರೆ ದಾರಿ ಉಳಿಯಲಿಲ್ಲ.

ವಠಾರದ ಅಷ್ಟೂ ನಲ್ಲಿಗಳು ಒಟ್ಟಿಗೆ ಸುರಿದವು. ಕೊಡ, ಬಕೆಟ್ಟು, ಸಾರಿನ ಪಾತ್ರೆ ಸಹ ಓಡೋಡಿ ಬಂದವು. ಲಕ್ಷ್ಮಣಪ್ಪ ತೊಳೆದ. ಉಗುರಿನ ಸಂದಿಯಲ್ಲಿ ಸಗಣಿ ಉಳಿದಿದೆ ಎಂದಳು ಮಹಾಂತಮ್ಮ. ಮತ್ತೆ ತೊಳೆದ. ಬೆರಳಿನ ನಡುವೆ ಎಂದಳು. ಮೊಣಕೈವರೆಗೆ ನೊರೆ ಬಂತು. ಬಿಳಿ ಅಂಗಿಯ ತೋಳು ಒದ್ದೆಯಾಯಿತು.

ಕೊನೆಗೆ ಅವನು ಒಳಗೆ ಕಾಲಿಡಲು ಬಂದಾಗ ಮಹಾಂತಮ್ಮ ಬ್ರೆಡ್ಡನ್ನು ಮಾತ್ರ ತೆಗೆದುಕೊಂಡಳು.

“ಕೂಸು ಮಲಗೇತ್ರಿ. ಪಟ್ಟಿ ಯಾರೂ ಮುಟ್ಟಬಾರ್ದಂತ ಹೇಳ್ಯಾರ.”

ಬಾಗಿಲು ಹಾಕಿಕೊಂಡಿತು. ಲಕ್ಷ್ಮಣಪ್ಪ ಒದ್ದೆ ಕೈಗಳನ್ನು ಗಾಳಿಯಲ್ಲಿ ಹಿಡಿದುಕೊಂಡು, ವಾಲ್ವ್ ಮುಚ್ಚೇ ಎಂದು ಹೆಂಡತಿಗೆ ಕೂಗಿದ.

ಭದ್ರಮ್ಮ ವಾಲ್ವಿನ ಬಳಿಯೇ ನಿಂತಿದ್ದಳು. ದೇವಕ್ಕನ ಡ್ರಮ್ಮು ಇನ್ನೂ ಅರ್ಧವೂ ತುಂಬಿರಲಿಲ್ಲ. ಅದನ್ನೊಮ್ಮೆ ನೋಡಿ, ಸೆರಗನ್ನು ಕಿವಿ ಮುಚ್ಚುವಂತೆ ಎಳೆದುಕೊಂಡಳು.